ಒಂದೇ ಅಚ್ಚಿನ ಎರಡು ದರ

ಕಾರವಾರದ ಆ ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಬಿಕಾಂ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತು ಆಯಿಯಿಂದ, ಅಂದರೆ ಅಮ್ಮನಿಂದ, ಬೈಸಿಕೊಂಡು ಸಾಕಾಗಿತ್ತು. ನೆಲಮಹಡಿಯ ಕೊನೆಯಲ್ಲಿ, ಎಕ್ಸರೇ ಕೋಣೆಯ ಆಚೆ, ಆರ್ಥೋಟಿಕ್ ವಿಭಾಗ ಅಂತ ಒಂದಿತ್ತು. ಹೆಸರು ಕೇಳಿ ಹೆದರಬೇಡಿ, ಇದ್ದದ್ದು ಎರಡೇ ಕೋಣೆ. ಒಳಗಿನ ಕೋಣೆಯಲ್ಲಿ ಒಬ್ಬರು ವಯಸ್ಸಾದವರು ಸೊಂಟದ ಬೆಲ್ಟು, ಕುತ್ತಿಗೆಯ ಕಾಲರ್, ಬಲವಿಲ್ಲದ ಕಾಲಿಗೆ ಹಾಕುವ ಸ್ಪ್ಲಿಂಟು, ಇಂಥವನ್ನೆಲ್ಲ ಮಾಡುತ್ತಿದ್ದರು. ಆಸ್ಪತ್ರೆಗೆ ಆಸ್ಪತ್ರೆಯೇ ಅವರನ್ನು ಮಾಮ ಎಂದು ಕರೆಯುತ್ತಿತ್ತು. ಹೊರಗಿನ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಮತ್ತು ನಾನು.

ಸ್ಪ್ಲಿಂಟು ಮಾಡುವುದನ್ನು ಮಾಮ ಮೊದಲ ವಾರವೇ ನನಗೆ ತೋರಿಸಿದ್ದರು. ಕಾಲಿಗೆ ಒದ್ದೆ ಪ್ಲಾಸ್ಟರ್ ಬಟ್ಟೆ ಸುತ್ತಿ ಮೊದಲು ಅಚ್ಚು ತೆಗೆಯಬೇಕು. ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಕಾಸಿ, ಅದು ಮೆತ್ತಗಾದಾಗ ಅಚ್ಚಿನ ಮೇಲೆ ಹೊದಿಸಿ ಒತ್ತಬೇಕು. ತಣಿದ ಮೇಲೆ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ, ಅಂಟುವ ಪಟ್ಟಿ ಹೊಲಿಯಬೇಕು. ಹಾಳೆ ಒಂದೇ ಜಾತಿಯದು, ಒಂದೇ ಅಂಗಡಿಯಿಂದ ಬರುತ್ತಿದ್ದದ್ದು. ಯಾರು ಹೇಗೆ ದುಡ್ಡು ಕೊಡುತ್ತಾರೆ ಎಂಬುದು ಮಾಮನಿಗೆ ಗೊತ್ತೇ ಆಗುತ್ತಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ನನಗೆ ಮಾತ್ರ ಗೊತ್ತಿರಬೇಕಿತ್ತು. ನನ್ನ ಮೇಜಿನ ಗಾಜಿನ ಕೆಳಗೆ ಒಂದು ದರಪಟ್ಟಿ ಇತ್ತು, ಅದು ನಗದು ಕೊಡುವವರಿಗೆ. ಡ್ರಾಯರಿನೊಳಗೆ ನೀಲಿ ಫೈಲಿನಲ್ಲಿ ಇನ್ನೊಂದಿತ್ತು, ಅದು ವಿಮೆ ಕಾರ್ಡಿನವರಿಗೆ. ಮಗುವಿನ ಕಾಲಿನ ಸ್ಪ್ಲಿಂಟಿಗೆ ಗಾಜಿನ ಕೆಳಗೆ ಎರಡು ಸಾವಿರದ ಎಂಟುನೂರು, ಫೈಲಿನಲ್ಲಿ ಏಳು ಸಾವಿರದ ನಾಲ್ಕುನೂರು. ಮೊದಲ ಸಲ ನೋಡಿದಾಗ ಟೈಪಿಂಗ್ ತಪ್ಪಿರಬೇಕು ಅಂದುಕೊಂಡು ನಮ್ಮ ಮ್ಯಾನೇಜರರನ್ನು ಕೇಳಿಯೂಬಿಟ್ಟೆ. ಅವರು ನಕ್ಕರು. ವಿಮೆಯವರು ದುಡ್ಡು ಕೊಡುವುದು ಆರು ತಿಂಗಳಿಗೆ, ಕೊಡುವಾಗಲೂ ಹತ್ತು ಕಾಗದ ಕೇಳಿ ಅರ್ಧ ಕತ್ತರಿಸುತ್ತಾರೆ, ಅದಕ್ಕೇ ಮೊದಲೇ ಏರಿಸಿಟ್ಟಿರುತ್ತೇವೆ ಎಂದು ವಿವರಿಸಿದರು. ಅದು ಪೂರ್ತಿ ಸುಳ್ಳೂ ಅಲ್ಲ. ಎರಡು ದರ ಇದ್ದದ್ದೇ ದೊಡ್ಡ ಅನ್ಯಾಯ ಎಂದು ಈಗ ಕೂತು ಕೂಗಾಡಿ ನನ್ನ ತಪ್ಪನ್ನು ಅವರ ತಲೆಗೆ ಕಟ್ಟುವುದು ನನಗೆ ಬೇಕಿಲ್ಲ. ತಪ್ಪು ನನ್ನ ಬಾಯಿಂದ ಬಂದದ್ದು.

ಆಗ ನಮ್ಮ ಕಡೆ ವಿಮೆ ಕಾರ್ಡು ಅನ್ನುವುದು ಹೊಸತು. ಮೀನುಗಾರರ ಸೊಸೈಟಿಯೊಂದು ತನ್ನ ಸದಸ್ಯರಿಗೆಲ್ಲ ಮಾಡಿಸಿ ಕೊಟ್ಟಿತ್ತು. ಜನ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳುತ್ತಿದ್ದರು. ಒಂದು ಕುಟುಂಬಕ್ಕೆ ವರ್ಷಕ್ಕೆ ಹದಿನೈದು ಸಾವಿರದವರೆಗೆ ಎಂಬ ಮಿತಿ ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಓದಿದವರು ಕಡಿಮೆ. ಕಾರ್ಡು ಇದ್ದರೆ ಆಸ್ಪತ್ರೆ ಪುಕ್ಕಟೆ ಎಂದೇ ಹೆಚ್ಚಿನವರ ತಿಳಿವಳಿಕೆ.

ಇನ್ನು ನನ್ನ ಸಂಗತಿ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಆಯಿ ಕಾರವಾರದ ಮೀನು ಮಾರ್ಕೆಟಿನಲ್ಲಿ ಕೂರುತ್ತಿದ್ದವಳು. ನನ್ನ ಪುಸ್ತಕ, ಫೀಸು, ಚೂಡಿದಾರ, ಎಲ್ಲ ಬಂಗಡೆ ಮಾರಿಯೇ ಬಂದದ್ದು. ಆದರೆ ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ ಆಯಿ ವ್ಯಾಪಾರ ಮಾಡುತ್ತಾಳೆ ಎನ್ನುತ್ತಿದ್ದೆ. ಏನು ವ್ಯಾಪಾರ ಎಂದು ಅವರು ಮುಂದೆ ಕೇಳುವ ಮೊದಲೇ ಎದ್ದು ಹೋಗುತ್ತಿದ್ದೆ. ಬುತ್ತಿಗೆ ಮೀನು ಒಯ್ಯುತ್ತಿರಲಿಲ್ಲ. ಬೆಳಿಗ್ಗೆ ಆಯಿಯ ಬುಟ್ಟಿ ಎತ್ತಿ ಅವಳ ತಲೆಯ ಮೇಲಿಟ್ಟು, ಆಮೇಲೆ ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆದು, ಮೂಸಿ ನೋಡಿ, ಪೌಡರು ಬಳಿದುಕೊಂಡು ಹೋಗುತ್ತಿದ್ದೆ. ಥೂ, ಈಗ ಬರೆಯುವಾಗಲೂ ನನ್ನ ಮುಖ ನನಗೇ ಬೇಡವಾಗುತ್ತದೆ.

ಆ ಹೆಂಗಸು ಬಂದದ್ದು ಮೇ ತಿಂಗಳ ಕೊನೆಗೆ. ಹಾರವಾಡದ ಮೀನು ಮಾರುವವಳು, ನಲವತ್ತರ ಆಸುಪಾಸು, ಕಚ್ಚೆ ಹಾಕಿ ಉಟ್ಟ ಸೀರೆ, ತುರುಬಿನಲ್ಲಿ ಅಬ್ಬಲಿಗೆ ಹೂ. ಜೊತೆಗೆ ಹತ್ತು ವರ್ಷದ ಮಗಳು. ಹುಡುಗಿ ಸಣ್ಣವಳಿದ್ದಾಗ ಜ್ವರಕ್ಕೆ ಯಾರೋ ಕೊಟ್ಟ ಇಂಜೆಕ್ಷನ್ನು ನರಕ್ಕೆ ತಾಗಿ ಬಲಗಾಲು ಸೋತುಹೋಗಿತ್ತು. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ, ಬೆರಳ ಮೇಲೆ ನಡೆಯುತ್ತಿದ್ದಳು. ಮೂಳೆ ಡಾಕ್ಟರು ಚೀಟಿಯಲ್ಲಿ ಎರಡು ಸಾಲು ಬರೆದಿದ್ದರು: ಈಗಲೇ ಸ್ಪ್ಲಿಂಟು ಹಾಕಿಸಿ ಸ್ನಾಯು ಬಿಗಿಯದಂತೆ ನೋಡಿಕೊಳ್ಳಬೇಕು, ಮಳೆಗಾಲದಲ್ಲಿ ಹಿಮ್ಮಡಿಯ ಸ್ನಾಯುವಿನ ಸಣ್ಣ ಆಪರೇಶನ್ ಮಾಡಬೇಕು. ಎರಡೂ ಆದರೆ ಹಿಮ್ಮಡಿ ನೆಲಕ್ಕೆ ಬರುತ್ತದೆ, ತಡವಾದಷ್ಟೂ ಬಿಗಿಯುತ್ತದೆ ಎಂದು ಅವರು ಬಾಯಲ್ಲೂ ಹೇಳಿ ಕಳಿಸಿದ್ದರಂತೆ. ಮಳೆಗಾಲವನ್ನೇ ಯಾಕೆ ಆರಿಸಿದರೆಂದರೆ, ಆಗ ದೋಣಿ ಇಳಿಯುವುದಿಲ್ಲ, ಮೀನಿಲ್ಲ, ಅವಳು ಮನೆಯಲ್ಲಿದ್ದು ಮಗಳನ್ನು ನೋಡಿಕೊಳ್ಳಬಹುದು.

ಕಲಿಸಿದ ಗಿಣಿಯ ಹಾಗೆ ನಾನು ಕೇಳಿದೆ, "ಕಾರ್ಡು ಇದೆಯಾ, ನಗದಾ?"

"ಎರಡೂ ಅದೆ ಬಾಯಿ," ಅಂದಳು ಅವಳು. ನಮ್ಮ ಕಡೆ ಹೆಂಗಸರನ್ನು ಗೌರವಕ್ಕೆ ಬಾಯಿ ಎಂದು ಕರೆಯುತ್ತಾರೆ. ಸೊಂಟದ ಸಂಚಿ ಬಿಚ್ಚಿ ಕಾರ್ಡನ್ನೂ ಮಡಚಿದ ನೋಟುಗಳನ್ನೂ ಮೇಜಿನ ಮೇಲಿಟ್ಟಳು. "ಸೀಜನ್ ಮುಗೀತಲ್ಲ, ಮೂರು ಸಾವ್ರ ತೆಗ್ದಿಟ್ಟಿದ್ದೆ. ಯಾವ್ದ್ರಲ್ಲಿ ಎಷ್ಟು, ಹೇಳು. ಲೆಕ್ಕ ಮಾಡಿ ಕೊಡ್ತೆ."

ಎರಡೂ ದರ ಹೇಳಿದೆ. ಹೇಳಬಾರದಿತ್ತು, ಮ್ಯಾನೇಜರರ ಪಾಠದ ಪ್ರಕಾರ ಕಾರ್ಡು ಇದ್ದವರಿಗೆ ಫೈಲಿನ ದರ ಮಾತ್ರ. ಆದರೆ ಅವಳು ಎರಡನ್ನೂ ಕೇಳಿದ್ದಳು, ನನ್ನ ಬಾಯಿ ತಡೆಯಲಿಲ್ಲ.

ಅವಳ ಹುಬ್ಬು ಮೇಲೇರಿತು. ಮೀನು ಮಾರುವವರ ದನಿ ನಿಮಗೆ ಗೊತ್ತಿರಬಹುದು, ಗಾಳಿಯ ಎದುರು ನಿಂತು ಮಾತಾಡಿ ರೂಢಿಯಾದದ್ದು, ಕಡಿಮೆ ಮಾಡಲಿಕ್ಕೆ ಬರುವುದಿಲ್ಲ. "ಒಂದೇ ಕಾಲಿಗೆ ಎರಡು ದರ ಹ್ಯಾಂಗೆ ಮಾರಾಯ್ತಿ? ದುಡ್ಡಿಗೆ ಕೊಡೂದು ಎಂತಾದು, ನಿನ್ನೆ ಉಳ್ದ ಮೀನಾ?"

ಬೆಂಚಿನ ಮೇಲೆ ಕೂತಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆದರೆ ಅವಳು ತಮಾಷೆಗೆ ಹೇಳಿರಲಿಲ್ಲ. ಮಾರ್ಕೆಟಿನಲ್ಲಿ ಒಂದೇ ಮೀನಿಗೆ ಎರಡು ದರ ಇರುವುದು ಆ ಒಂದು ಕಾರಣಕ್ಕೇ. ಬೆಳಿಗ್ಗೆ ದೋಣಿಯಿಂದ ಇಳಿದ ಇಸ್ವಾಣಕ್ಕೆ ಒಂದು ದರ, ಅದೇ ಮೀನು ಸಂಜೆಯವರೆಗೆ ಬಿಸಿಲು ತಿಂದು ಉಳಿದರೆ ಅರ್ಧ. ಜಾಸ್ತಿ ದರದ್ದು ತಾಜಾ, ಕಡಿಮೆ ದರದ್ದು ಬಾಡಿದ್ದು. ಹುಟ್ಟಿದಾಗಿಂದ ನೋಡಿದ್ದು ಅದನ್ನೇ ಆದ್ದರಿಂದ ಅವಳಿಗೆ ಬೇರೆ ಯಾವ ಅರ್ಥವೂ ಹೊಳೆಯುವಂತಿರಲಿಲ್ಲ. ಆ ಕೋಣೆಯಲ್ಲಿದ್ದವರಲ್ಲಿ ಅವಳ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಅಷ್ಟರಲ್ಲಿ ನಗು ಕೇಳಿ ಮ್ಯಾನೇಜರರು ಬಾಗಿಲಿಗೆ ಬಂದು ನಿಂತರು. ನನ್ನ ಕೆಲಸ ಕಾಯಂ ಆಗುವ ಕಾಗದ ಅವರ ಮೇಜಿನ ಮೇಲಿದ್ದ ವಾರ ಅದು. ಆದರೆ ನಾನು ಮುಂದೆ ಮಾಡಿದ್ದು ಬರೀ ಕೆಲಸದ ಹೆದರಿಕೆಗೆ ಎಂದರೆ ಅದೂ ಅರ್ಧ ಸತ್ಯವೇ ಆದೀತು. ಆ ದನಿ ನಿಲ್ಲಬೇಕಿತ್ತು ನನಗೆ. ಅದು ನನ್ನ ಆಯಿಯ ದನಿ. ಬೆಂಚಿನ ಮೇಲಿದ್ದವರು ನಕ್ಕದ್ದು ನನ್ನ ಆಯಿಯನ್ನು ನೋಡಿ ಎಂಬಂತೆ ನನ್ನ ಕಿವಿ ಬಿಸಿಯಾಗಿತ್ತು. ಮೇಜಿನ ಮೇಲೆ ಬಗ್ಗಿ, ಬೇರೆಯವರಿಗೆ ಕೇಳದಂತೆ, ನಮ್ಮ ಮನೆಮಾತಿನಲ್ಲಿ ಅಂದೆ:

"ಅಕ್ಕಾ, ಸಣ್ಣಕೆ ಮಾತಾಡು. ನಾನೂ ನಮ್ಮೋಳೇ, ನಮ್ಮ ಆಯಿ ಇಲ್ಲೇ ಮಾರ್ಕೆಟಿನಲ್ಲಿ ಕೂರ್ತದೆ. ನೀ ಹೇಳಿದ್ದು ಖರೆ. ಕಾರ್ಡಿಂದು ಬೆಳಗಿನ ಮೀನು, ದುಡ್ಡಿಂದು ಸಂಜೆದು."

ಅಷ್ಟೇ. ನಾಲ್ಕು ಮಾತು. ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು. ನೋಟುಗಳನ್ನು ಮಡಚಿ ಸಂಚಿಗೆ ಹಾಕಿಕೊಂಡು, ಕಾರ್ಡನ್ನು ನನ್ನ ಕಡೆ ತಳ್ಳಿದಳು. "ನಮ್ಮೋರು ಒಬ್ರು ಒಳಗಿದ್ರೆ ಎಷ್ಟು ಸಸಾರ ನೋಡು," ಎಂದು ಮಗಳಿಗೆ ಹೇಳಿದಳು. "ಬೆಳಗಿಂದೇ ಹಾಕು ಬಾಯಿ. ಇದ್ರ ಕಾಲಿಗೆ ಸಂಜೆದು ಬ್ಯಾಡ."

ನಾನು ಹೇಳಬೇಕಾದದ್ದು ಏನಿತ್ತು ಎಂದರೆ: ಎರಡೂ ಒಂದೇ ಅಕ್ಕಾ, ಸ್ಪ್ಲಿಂಟಿಗೆ ದುಡ್ಡು ಕೊಟ್ಟುಬಿಡು, ಕಾರ್ಡನ್ನು ಆಪರೇಶನ್ನಿಗೆ ಉಳಿಸಿಕೋ. ಆಪರೇಶನ್ನಿಗೆ ಹನ್ನೊಂದು ಸಾವಿರ ಎಂದು ನನಗೆ ಗೊತ್ತಿತ್ತು, ಕಾರ್ಡಿನ ಮಿತಿ ಹದಿನೈದು ಎಂದೂ ಗೊತ್ತಿತ್ತು. ಕೂಡಿಸಿ ಕಳೆಯಲಿಕ್ಕೆ ಬಿಕಾಂ ಬೇಕಾಗಿರಲಿಲ್ಲ. ಅದನ್ನೂ ಅದೇ ಮನೆಮಾತಿನಲ್ಲಿ, ಅಷ್ಟೇ ಸಣ್ಣ ದನಿಯಲ್ಲಿ ಹೇಳಬಹುದಿತ್ತು, ಮ್ಯಾನೇಜರರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಹೇಳಲಿಲ್ಲ. ಕಾರ್ಡಿನ ಮೇಲೆ ಬಿಲ್ಲು ಮಾಡಿದೆ.

ಒಳಗೆ ಮಾಮ ಅಚ್ಚು ತೆಗೆಯುವಾಗ ಹುಡುಗಿಯ ಮೊಣಕಾಲು ಹಿಡಿದುಕೊಳ್ಳಲಿಕ್ಕೆ ನನ್ನನ್ನು ಕರೆದರು. ಒದ್ದೆ ಪ್ಲಾಸ್ಟರಿನ ತಂಪಿಗೆ ಅವಳು ಕಚಗುಳಿಯಾಗಿ ನಗುತ್ತಿದ್ದಳು. ಇದನ್ನು ಹಾಕಿದರೆ ಶಾಲೆಯಲ್ಲಿ ಓಡಬಹುದಾ ಎಂದು ಮಾಮನನ್ನು ಕೇಳಿದಳು. ಇದರಿಂದ ಓಡಲಿಕ್ಕಾಗದು, ಆಪರೇಶನ್ ಆದಮೇಲೆ ನೋಡುವ ಎಂದರು ಅವರು. ಬೆಳೆಯುವ ಮಕ್ಕಳಿಗೆ ಇದು ಬೇಗ ಚಿಕ್ಕದಾಗುತ್ತದೆ, ಎರಡೆರಡು ತಿಂಗಳಿಗೆ ಬಂದು ತೋರಿಸಿ ಎಂದು ತಾಯಿಗೂ ಹೇಳಿದರು. ತಾಯಿ ಹೂಂ ಅಂದಳು. ಅವಳ ಗಮನ ಸ್ಪ್ಲಿಂಟಿನ ಮೇಲೇ ಇತ್ತು. ಮಾಡಿ ಕೊಟ್ಟ ದಿನ ಅದನ್ನು ಬೆಳಕಿಗೆ ಹಿಡಿದು, ಬೆರಳಿಂದ ತಟ್ಟಿ, ಇಸ್ವಾಣದ ಕಿವಿರು ನೋಡುವ ಹಾಗೆ ನೋಡಿ, ಒಳ್ಳೇ ಮಾಲು ಅಂದಳು.

ಆ ವಾರ ನನ್ನ ಕೆಲಸ ಕಾಯಂ ಆಯಿತು. ಮ್ಯಾನೇಜರರು ಎಲ್ಲರ ಎದುರು, ಹಳ್ಳಿಯ ಜನರನ್ನು ಹೇಗೆ ಸಂಭಾಳಿಸಬೇಕು ಎಂದು ಈ ಹುಡುಗಿಯನ್ನು ನೋಡಿ ಕಲಿಯಿರಿ ಎಂದರು. ನಾನು ಹಲ್ಲು ಕಿರಿದೆ. ಅವತ್ತು ಮನೆಗೆ ಹೋಗುವಾಗ ಪೇಢೆ ಕೂಡ ಒಯ್ದೆ.

ಜುಲೈಯಲ್ಲಿ, ಮಳೆ ಹಿಡಿದು ಹೊಡೆಯುತ್ತಿದ್ದಾಗ, ತಾಯಿ ಮಗಳು ಕೊಡೆ ಸೋರಿಸುತ್ತ ಮತ್ತೆ ಬಂದರು. ಆಪರೇಶನ್ನಿನ ತಾರೀಕು ಕೇಳಲಿಕ್ಕೆ ಬಂದದ್ದು. ರೋಗಿಗಳನ್ನು ಭರ್ತಿ ಮಾಡಿಕೊಳ್ಳುವ ಕೌಂಟರಿನವರು ಕಾರ್ಡಿನಲ್ಲಿ ಉಳಿದದ್ದೆಷ್ಟು ಎಂದು ನೋಡಿ ಅವರನ್ನು ನನ್ನ ಕಡೆ ಕಳಿಸಿದರು, ಬಿಲ್ಲು ಮಾಡಿದವಳು ನಾನೇ ಅಲ್ಲವೇ. ಉಳಿದದ್ದು ಏಳು ಸಾವಿರದ ಆರುನೂರು. ಪೂರ್ತಿ ಹನ್ನೊಂದು ಸಾವಿರ ಇಲ್ಲದಿದ್ದರೆ ಕಾರ್ಡಿನ ಮೇಲೆ ಆಪರೇಶನ್ ಮಾಡುವಂತಿಲ್ಲ ಎಂಬುದು ಆಸ್ಪತ್ರೆಯ ನಿಯಮ. ಎಲ್ಲವನ್ನೂ ಕೈಯಿಂದಲೇ ಹಾಕಿ ಮಾಡಿಸಬೇಕೆಂದರೆ ಮಳೆಗಾಲದಲ್ಲಿ ಮೀನುಗಾರರ ಮನೆಯಲ್ಲಿ ಎಲ್ಲಿಂದ ಬರಬೇಕು? ಅವಳ ಗಂಡ ಕೂಲಿಗೆ ಹೋಗುತ್ತಿದ್ದ ಟ್ರಾಲರು ಮಳೆಗಾಲಕ್ಕೆ ದಡ ಸೇರಿ ತಿಂಗಳಾಗಿತ್ತು.

"ಹೊಸ ಕಾರ್ಡು ಯಾವಾಗ?" ಎಂದು ಕೇಳಿದಳು.

"ದೀಪಾವಳಿ ಆದ ಮೇಲೆ," ಅಂದೆ. ಅವಳ ಮುಖ ನೋಡಲಾಗದೆ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದೆ.

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು, ತಿರುಗಿ ಎರಡು ಮಾತು ಆಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ಇರ್ಲಿ ಬಾಯಿ, ನೀನಾರೂ ಎಂತ ಮಾಡ್ತೆ. ಕಾಲಿನ ಪಟ್ಟಿ ಆದ್ರೂ ಬೆಳಗಿಂದು ಸಿಕ್ತಲ್ಲ, ಅದ್ರಲ್ಲೇ ಸಮ ಆಗೂದು," ಎಂದಳು. ಮಗಳ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿ ಮಳೆಗೆ ಇಳಿದಳು.

ಆಗಲಾದರೂ ಹಿಂದೆ ಓಡಿ ಹೋಗಿ ಹೇಳಬಹುದಿತ್ತು. ಗೇಟಿನವರೆಗೆ ಎಷ್ಟು ದೂರ? ಕುರ್ಚಿಗೆ ಅಂಟಿಕೊಂಡು ಕೂತಿದ್ದೆ. ಮುಂದಿನ ಬಿಲ್ಲಿನವನು ಮೂರು ಸಲ ಕರೆದ ಮೇಲೆ ಎಚ್ಚರವಾಯಿತು.

ದೀಪಾವಳಿ ಆಯಿತು. ಅವರು ಬರಲಿಲ್ಲ. ಮೀನಿನ ದಿನಗಳು, ಪುರುಸೊತ್ತಾಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಾಮ ಎರಡು ಸಲ ನೆನಪು ಮಾಡಿದರು: ಆ ಹಾರವಾಡದ ಹುಡುಗಿ ತೋರಿಸಲಿಕ್ಕೇ ಬರಲಿಲ್ಲ, ಸ್ಪ್ಲಿಂಟು ಈಗ ಚಿಕ್ಕದಾಗಿ ಚುಚ್ಚುತ್ತಿರುತ್ತದೆ, ಒಂದು ಪತ್ರ ಹಾಕು. ಹಾಕುತ್ತೇನೆ ಎಂದೆ. ಹಾಕಲಿಲ್ಲ. ಪತ್ರ ಹಾಕಿದರೆ ಅವಳು ಬರುತ್ತಾಳೆ, ಬಂದರೆ ನನ್ನ ಮೇಜಿನ ಎದುರೇ ನಿಲ್ಲುತ್ತಾಳೆ. ಹೊಸ ಗಿರಾಕಿಗಳು ಬಂದಾಗ ಮಾತ್ರ ನಾನು ಬದಲಾಗಿದ್ದೆ. ಮ್ಯಾನೇಜರರು ಇಲ್ಲದ ಹೊತ್ತು ನೋಡಿ, ಕಾರ್ಡು ಉಳಿಸಿಕೊಳ್ಳಿ ಎಂದು ಒಬ್ಬಿಬ್ಬರ ಕಿವಿಯಲ್ಲಿ ಹೇಳಿದೆ. ಅದರಿಂದ ಸಮಾಧಾನವಾಯಿತು ಎಂದರೆ ಸುಳ್ಳು.

ಫೆಬ್ರವರಿಯ ಒಂದು ಸಂಜೆ ಆಯಿ ಮಾರ್ಕೆಟಿನಿಂದ ಬಂದವಳು ಬುಟ್ಟಿ ಇಳಿಸುವ ಮೊದಲೇ ಮಾತು ಶುರುಮಾಡಿದಳು. ಮುಖದ ತುಂಬ ನಗು. ಹಾರವಾಡದವಳೊಬ್ಬಳು ಕಾರವಾರಕ್ಕೆ ಶೆಟ್ಲಿ ಸಿಗಡಿ ತಂದಿದ್ದಳಂತೆ, ವಿಚಾರಿಸುತ್ತ ವಿಚಾರಿಸುತ್ತ ಆಯಿಯ ಹತ್ತಿರ ಬಂದು ಕೂತಳಂತೆ. "ನಿಮ್ಮ ಮಗಳಲ್ವಾ ಆಸ್ಪತ್ರೆಲಿ ಇರೂದು, ಅಷ್ಟು ದೊಡ್ಡ ಜಾಗದಲ್ಲಿ ಕೂತ್ರೂ ನಮ್ಮೋರನ್ನ ಮರೀಲಿಲ್ಲ, ಒಳ್ಳೇ ಮಾಲೇ ಕೊಡಿಸ್ತು" ಎಂದಳಂತೆ. ಒಂದು ಪಾಲು ಶೆಟ್ಲಿ ಎಲೆಯಲ್ಲಿ ಕಟ್ಟಿ, ಬೇಡ ಬೇಡ ಎಂದರೂ ಬುಟ್ಟಿಗೆ ಹಾಕಿ ಹೋದಳಂತೆ. ಅಕ್ಕಪಕ್ಕದವರೆಲ್ಲ ಕೇಳಿಸಿಕೊಂಡಿದ್ದರು, ಆಯಿಗೆ ಅದೇ ಹೆಮ್ಮೆ. ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂದು ಅವಳು ಅಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು, ಇವತ್ತು ಬೇರೆಯವರ ಬಾಯಿಂದ ಬಂದಿತ್ತು.

"ಯಾಕೆ, ಮುಖ ಯಾಕೆ ಹಂಗೆ ಮಾಡಿದೆ?" ಎಂದು ಕೇಳಿದಳು.

ಹೇಳಿದೆ. ಒಂದೂ ಬಿಡದೆ ಹೇಳಿದೆ. ಬೆಳಗಿನ ಮೀನು ಸಂಜೆಯ ಮೀನಿನ ಮಾತಿಗೆ ಬಂದಾಗ ಆಯಿಯ ನಗು ನಿಂತಿತು. ಶೆಟ್ಲಿ ಸುಲಿಯುತ್ತಿದ್ದವಳು ಕೈ ತೊಳೆದು ಬಂದು ನನ್ನ ಎದುರು ಕೂತಳು. ಹೊಡೆಯುತ್ತಾಳೆ ಅಂದುಕೊಂಡೆ, ಸಣ್ಣವಳಿದ್ದಾಗ ಹೊಡೆಯುತ್ತಿದ್ದಳು.

"ಸಂಜೆಗೆ ಕಿವಿರು ಬಿಳಚಿಕೊಂಡ್ರೆ ನಾ ಗಿರಾಕಿಗೆ ಹಂಗೇ ಹೇಳ್ತೆ. ಬಾಯಿ, ಇದು ಬೆಳಗಿಂದ ಕೂತ ಮೀನು, ಹುಳಿ ಸ್ವಲ್ಪ ಜಾಸ್ತಿ ಹಾಕು ಅಂತ. ಮೂವತ್ತು ವರ್ಷದಲ್ಲಿ ಒಂದು ದಿನ ಸಂಜೆದನ್ನ ಬೆಳಗಿಂದು ಅಂತ ಮಾರಲಿಲ್ಲ," ಅಂದಳು. "ನೀ ಫ್ಯಾನಿನ ಕೆಳಗೆ ಕೂತು, ನನ್ನ ಹೆಸ್ರು ಹೇಳಿ ಮಾರಿದೆ."

ನಾನು ಅತ್ತೆ. ಅಳು ಯಾಕೆ ಬಂತೋ, ಅದೂ ನಾಟಕದ ಹಾಗೆ ನನಗೇ ಕಂಡಿತು. ಆಯಿ ಸಮಾಧಾನ ಮಾಡಲಿಲ್ಲ. ಆ ಶೆಟ್ಲಿ ಅವತ್ತು ನಮ್ಮ ಮನೆಯಲ್ಲಿ ಬೇಯಲಿಲ್ಲ, ಪಕ್ಕದ ಮನೆಗೆ ಕೊಟ್ಟುಬಂದಳು. ಆಮೇಲೆ ಒಂದೇ ಮಾತು ಹೇಳಿದಳು: "ಭಾನುವಾರ ಹೋಗಿ ಅದ್ರ ಎದುರಿಗೇ ಹೇಳಿ ಬಾ. ನಾ ಬರೂದಿಲ್ಲ ಸಂಗಡ."

ಭಾನುವಾರ ಅಂಕೋಲೆಯ ಬಸ್ಸು ಹಿಡಿದು ಹಾರವಾಡ ಕ್ರಾಸಿನಲ್ಲಿ ಇಳಿದೆ. ದಾರಿಯುದ್ದಕ್ಕೂ ಹೇಗೆ ಹೇಳುವುದು ಎಂದು ಬಾಯಿಪಾಠ ಮಾಡಿದ್ದೆ. ಮೊದಲು ಹೊಸ ಕಾರ್ಡಿನ ವಿಷಯ ಹೇಳಬೇಕು, ಈಗ ಮಿತಿ ಪೂರ್ತಿ ಇದೆ, ಆಪರೇಶನ್ ಮಾಡಿಸಬಹುದು ಎಂದು. ಆಮೇಲೆ ನಿಧಾನಕ್ಕೆ ಇನ್ನೊಂದು. ಒಳ್ಳೆಯದನ್ನು ಮುಂದೆ ಇಟ್ಟು ಕೆಟ್ಟದ್ದನ್ನು ಅದರ ಹಿಂದೆ ಅಡಗಿಸುವ ಬುದ್ಧಿ ಆಗಲೂ ನನ್ನನ್ನು ಬಿಟ್ಟಿರಲಿಲ್ಲ.

ಅವಳ ಮನೆ ದಡದ ಹತ್ತಿರವೇ. ಅಂಗಳದಲ್ಲಿ ಹೆಣೆದ ತೆಂಗಿನ ಗರಿ ಹಾಸಿ ತಾರ್ಲೆ ಮೀನು ಒಣಹಾಕುತ್ತಿದ್ದಳು. ನನ್ನನ್ನು ನೋಡಿದ್ದೇ ಅವಳ ಮುಖ ಬೆಳಗಿತು. ಮಣೆ ಹಾಕಿದಳು, ನೀರು ಬೆಲ್ಲ ಕೊಟ್ಟಳು, ಒಳಗೆ ತಿರುಗಿ, "ಯಾರು ಬಂದಾರೆ ನೋಡು, ಆಸ್ಪತ್ರೆ ಬಾಯಿ," ಎಂದು ಮಗಳನ್ನು ಕರೆದಳು. ಹುಡುಗಿ ಬಾಗಿಲಿಗೆ ಬಂದಳು. ಒಂಬತ್ತು ತಿಂಗಳಲ್ಲಿ ಉದ್ದವಾಗಿದ್ದಳು. ಕಾಲಿನಲ್ಲಿ ಸ್ಪ್ಲಿಂಟು ಇತ್ತು, ಅಂಚಿನ ಕೆಳಗೆ ಹಳೆ ಬಟ್ಟೆಯ ಚೂರು ತುರುಕಿತ್ತು. ಹಿಮ್ಮಡಿ ಮೊದಲಿಗಿಂತಲೂ ಮೇಲೆ ಎದ್ದಿತ್ತು. ಬೆರಳ ಮೇಲೆ ಹಾರುತ್ತ ಹಾರುತ್ತ ಬಂದು ತಾಯಿಯ ಹತ್ತಿರ ಅಲ್ಲ, ತುಸು ದೂರ ಕಂಬಕ್ಕೆ ಒರಗಿ ನಿಂತಳು.

"ದೀಪಾವಳಿ ಆದಮೇಲೆ ಬರಲಿಲ್ಲ ನೀವು, ಹೊಸ ಕಾರ್ಡು ಬಂದದೆ," ಅಂದೆ.

"ಎಂತಕ್ಕೆ ಬರೂದು ಬಾಯಿ?" ಅಂದಳು ಅವಳು, ಮೀನು ಮಗುಚುತ್ತ. "ಅಷ್ಟು ಒಳ್ಳೇ ಮಾಲು ಹಾಕ್ಸಿ ಕೊಟ್ಟೆ ನೀನು. ಸಮ ನಡಿಯೂಕೆ ಈ ಹುಡ್ಗಿಗೇ ಮನಸ್ಸಿಲ್ಲ. ಹಾಕಿದ್ರೆ ಬಿಚ್ತದೆ, ಹಾಕಿದ್ರೆ ಬಿಚ್ತದೆ. ಚುಚ್ತದಂತೆ. ನಂಗೇ ಸುಳ್ಳು ಹೇಳ್ತದೆ. ಏಳು ಸಾವ್ರದ್ದು ಚುಚ್ತದಾ? ಆಪರೇಶನ್ ಮಾಡ್ಸಿದ್ರೂ ಇದ್ರ ಸೋಂಬೇರಿತನಕ್ಕೆ ಎಂತ ಮಾಡೂದು? ಬೈದೆ, ಹೊಡ್ದೂ ನೋಡ್ದೆ. ಹೋದ ತಿಂಗಳು ಎರಡು ದಿನ ಊಟ ಹಾಕಲಿಲ್ಲ. ನೀನಾರೂ ಬುದ್ಧಿ ಹೇಳು."

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಆ ಮಾತನ್ನು ಜನ ಸುಮ್ಮನೆ ಆಡುವುದಿಲ್ಲ ಎಂದು ನನಗೆ ತಿಳಿದದ್ದು ಅವತ್ತು. ನನ್ನ ಸುಳ್ಳಿಗೆ ಅವಳ ಕಾರ್ಡು ಖರ್ಚಾಯಿತು ಎಂದಷ್ಟೇ ಲೆಕ್ಕ ಹಾಕಿಕೊಂಡು ಬಂದಿದ್ದೆ ನಾನು. ಮಾಲು ಒಳ್ಳೆಯದು ಎಂದಾದರೆ ಕಾಲು ನೆಟ್ಟಗಾಗದ ತಪ್ಪು ಯಾರದ್ದಾಗಬೇಕು ಎಂದು ಒಂದು ಸಲವೂ ಯೋಚಿಸಿರಲಿಲ್ಲ.

"ಅಕ್ಕಾ, ಅದು ಬೆಳಗಿಂದು ಅಲ್ಲ," ಅಂದೆ. "ಬೆಳಗಿಂದು ಸಂಜೆದು ಅಂತ ಇಲ್ಲವೇ ಇಲ್ಲ. ಎರಡೂ ಒಂದೇ ಮಾಲು. ದುಡ್ಡು ಕೊಟ್ಟಿದ್ರೂ ಇದೇ ಸಿಗ್ತಿತ್ತು, ಕಾರ್ಡು ಉಳೀತಿತ್ತು, ಮಳೆಗಾಲದಲ್ಲೇ ಆಪರೇಶನ್ ಆಗ್ತಿತ್ತು. ನಾ ಸುಳ್ಳು ಹೇಳ್ದೆ. ಹುಡ್ಗಿ ಬೆಳೆದದೆ, ಕಾಲಿನ ಪಟ್ಟಿ ಚಿಕ್ಕದಾಗ್ಯದೆ. ಖರೇನೇ ಚುಚ್ತದೆ."

ಅವಳ ಕೈ ಮೀನಿನ ಮೇಲೆ ನಿಂತಿತು. ನಾನು ಬೈಗುಳಕ್ಕೆ ಕಾದೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದು ಕಂಬದ ಹತ್ತಿರ ಹೋದಳು, ಮಗಳ ಎದುರು ನೆಲಕ್ಕೆ ಕೂತಳು, ಸ್ಪ್ಲಿಂಟಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು. ಬಟ್ಟೆಯ ಚೂರು ಚರ್ಮಕ್ಕೆ ಅಂಟಿಕೊಂಡಿತ್ತು. ಅದನ್ನು ಎಳೆದಾಗ ಹುಡುಗಿ ಉಸಿರು ಒಳಗೆ ಎಳೆದುಕೊಂಡಳು, ಅಳಲಿಲ್ಲ. ಹಿಮ್ಮಡಿಯ ಮೇಲೆ ಹಸಿ ಗಾಯ, ಅದರ ಸುತ್ತ ಹಳೆ ಗಾಯದ ಕಪ್ಪು.

"ನಾ ಹೇಳಿದ್ದೆ ಆಯಿ," ಅಂದಳು ಹುಡುಗಿ.

"ಹೌದು ಮಗಾ, ಹೇಳಿದ್ದೆ ನೀನು," ಅಂದಳು ತಾಯಿ.

ನಾನು ಮಣೆಯ ಮೇಲಿಂದ ಎದ್ದು ನಿಂತೆ, ಕೂರಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಆ ಗಾಯಕ್ಕೆ ಏನು ಹಚ್ಚಬೇಕು ಎಂದು ಹೇಳಲಿಕ್ಕೆ ಬಾಯಿ ತೆರೆದು ಮುಚ್ಚಿದೆ. ನನ್ನ ಬಾಯಿಂದ ಬರುವ ಒಂದು ಒಳ್ಳೆ ಮಾತನ್ನಾದರೂ ಆ ಅಂಗಳದಲ್ಲಿ ಯಾರು ನಂಬಬೇಕು?

ಕೊನೆಗೆ ಅವಳೇ ತಿರುಗಿದಳು. ದನಿ ಏರಿಸಲಿಲ್ಲ, ಅವಳ ದನಿ ಅಷ್ಟು ಸಣ್ಣಗೂ ಇರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

"ನಾಳೆ ಮೊದಲ್ನೇ ಬಸ್ಸಿಗೆ ಕರ್ಕೊಂಡು ಬರ್ತೆ," ಅಂದಳು. "ನೀ ಆ ಮೇಜಿನ ಹತ್ರ ಇರಬೇಡ."

ಮರುದಿನ ನಾನು ರಜೆ ಹಾಕಿದೆ.